‘ದಕ್ಷಿಣ ಭಾರತದ ಒಂದು ಗ್ರಾಮೀಣ ಸಮುದಾಯ’: ಕ್ಷಯದ ಒಂದು ಅಧ್ಯಯನದ ಮರು ಓದು

ತೂಬಗೆರೆ ಎಂದೊಡನೆ ನಿಮಗೆ ಹಲಸು ನೆನಪಾಗಬಹುದು. ದೇವರನ್ನು ನಂಬುವವರಿಗೆ ಅದೇ ಹೋಬಳಿಯ ಘಾಟಿ ಸುಬ್ರಹ್ಮಣ್ಯ, ರೈತರಿಗೆ ಅಲ್ಲಿಯ ದನಗಳ ಜಾತ್ರೆ ನೆನಪಿಗೆ ಬಂದೀತು. ಆದರೆ ಕ್ಷಯರೋಗವನ್ನು ಓದಿದ ವೈದ್ಯರಿಗೆ ಈ ಸೀಮೆಯ ಪರಿಚಯ ಆಗುವುದು ಬೇರೆ ರೀತಿಯಲ್ಲಿ. ಅವರು ಲಂಡನ್ನಿನಲ್ಲಿರಲಿ, ನೈರೋಬಿಯಲ್ಲಿರಲಿ, ಊರಿನ ಹೆಸರು ತಿಳಿಯದೆಯೇ ಇಲ್ಲಿಯ ಜನರ ಬಗೆಗಿನ ಒಂದು ಅಂಕಿಯನ್ನು ಬಲ್ಲರು: ಕಫದಲ್ಲಿ ಕ್ಷಯಾಣು ಕಂಡ ನೂರು ಜನರಲ್ಲಿ ಸುಮಾರು ಅರ್ಧ ಜನ ಐದು ವರ್ಷದೊಳಗೆ ಸಾಯುತ್ತಾರೆ.

ಈ ಅಂಕಿ ಎಲ್ಲಿಂದ ಬಂತು? ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಅದರ ತಂಡಗಳು 1961ರಿಂದ 1968ರವರೆಗೆ ಅಂದಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಲ್ಲಿ ನಾಲ್ಕು ಬಾರಿ ಸಮೀಕ್ಷೆ ನಡೆಸಿದವು. (ಗ್ರಾಮಾಂತರ ಜಿಲ್ಲೆ ಬೇರೆಯಾದದ್ದು 1986ರಲ್ಲಿ. ಅಲ್ಲಿಯವರೆಗೆ ತೂಬಗೆರೆಯೂ ಬೆಂಗಳೂರು ಜಿಲ್ಲೆಯೇ.) ಟ್ಯೂಬರ್‌ಕ್ಯುಲಿನ್ ಚುಚ್ಚುಮದ್ದು, ಎಕ್ಸ್‌-ರೇ, ಕಫ ಪರೀಕ್ಷೆ – ಒಂದೊಂದು ಸುತ್ತಿನಲ್ಲೂ ಇವೇ ಕ್ರಮ. ಫಲಿತಾಂಶ 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾಯಿತು. ಶೀರ್ಷಿಕೆಯಲ್ಲಿ ಇದ್ದದ್ದು ದಕ್ಷಿಣ ಭಾರತದ ಒಂದು ಗ್ರಾಮೀಣ ಜನಸಮುದಾಯ ಎಂದಷ್ಟೆ.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚೋಣ. ಆಸ್ಪತ್ರೆಗೆ ಬಂದ ರೋಗಿಗಳನ್ನು ಎಣಿಸುವುದು ಸುಲಭ. ಮನೆ ಮನೆಗೆ ಹೋಗಿ, ಬಾರದವರನ್ನೂ ಸೇರಿಸಿ, ಅದೇ ಜನರನ್ನು ಐದು ವರ್ಷ ಬೆನ್ನು ಹತ್ತುವುದು ಬಹಳ ಕಷ್ಟ. ಜಗತ್ತಿನಲ್ಲಿ ಅಂಥ ಅಧ್ಯಯನಗಳು ಬೆರಳೆಣಿಕೆಯಷ್ಟು. ಹಾಗೆಂದು ಅದರ ಅಂಕಿಗಳನ್ನು ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಮೊದಲ ಸಮೀಕ್ಷೆಯಲ್ಲಿ ಸಿಕ್ಕ 126 ರೋಗಿಗಳಲ್ಲಿ ಐದು ವರ್ಷದ ಕೊನೆಗೆ ಶೇಕಡಾ 49.2 ಜನ ಸತ್ತಿದ್ದರು, 32.5 ಜನರ ಕಫ ಶುದ್ಧವಾಗಿತ್ತು, 18.3 ಜನ ಇನ್ನೂ ರೋಗಾಣು ಹೊರಹಾಕುತ್ತಿದ್ದರು. ಈ ದಶಾಂಶಗಳನ್ನು ಮನುಷ್ಯರಿಗೆ ತಿರುಗಿಸಿ ನೋಡಿ: 62, 41, 23. ಒಬ್ಬ ವ್ಯಕ್ತಿ ಆಚೀಚೆ ಆದರೆ ಶೇಕಡಾವಾರು 0.8ರಷ್ಟು ಜರುಗುತ್ತದೆ. ಇಷ್ಟು ಸಣ್ಣ ಗುಂಪಿನಿಂದ ಬಂದ 49.2 ಎಂಬ ಅಂಕಿಯ ಸಾಂಖ್ಯಿಕ ಮಿತಿ ಸರಿಸುಮಾರು 40ರಿಂದ 58ರವರೆಗೆ ಹರಡುತ್ತದೆ. ದಶಾಂಶ ಸ್ಥಾನ ಇಲ್ಲಿ ಬರೀ ಅಲಂಕಾರ. ಇನ್ನು ‘ಗುಣವಾದರು’ ಎಂದರೆ ಕಫದಲ್ಲಿ ಕ್ಷಯಾಣು ಕಾಣಲಿಲ್ಲ ಎಂದಷ್ಟೇ ಅರ್ಥ; ಹಾಳಾದ ಶ್ವಾಸಕೋಶ ಮರಳಿ ಬಂತು ಎಂದಲ್ಲ. ಹೊಲದ ಕೆಲಸಕ್ಕೆ ಮತ್ತೆ ಹೋದರೆ ಎಂಬ ಪ್ರಶ್ನೆಗೆ ಆ ಕೋಷ್ಟಕದಲ್ಲಿ ಅಂಕಣವಿಲ್ಲ.

ನನ್ನ ಮುಖ್ಯ ತಕರಾರು ಬೇರೆ. ಈ ಅಂಕಿಗಳನ್ನು ರೋಗದ ‘ನೈಸರ್ಗಿಕ ಇತಿಹಾಸ’ ಎಂದು ಕರೆಯುವ ರೂಢಿ ಬಂದಿದೆ. ಔಷಧವಿಲ್ಲದೆ ರೋಗ ಹೇಗೆ ಸಾಗುತ್ತದೆ ಎಂಬ ಅರ್ಥದಲ್ಲಿ. ಔಷಧವೇ ಇಲ್ಲದಿದ್ದ 1920ರ ಯುರೋಪಿನಲ್ಲಿ ಈ ಮಾತು ಸರಿ. ಆದರೆ 1961ರಲ್ಲಿ? ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿತ್ತು. ಐಸೊನಿಯಜಿಡ್ 1952ರಿಂದ ಬಳಕೆಯಲ್ಲಿತ್ತು, ಅದು ಅಗ್ಗದ ಮಾತ್ರೆ. ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರ 1959ರಲ್ಲೇ ತೋರಿಸಿಕೊಟ್ಟಿತ್ತು – ಬಡವರ ಮನೆಯಲ್ಲಿ ಕೊಟ್ಟ ಚಿಕಿತ್ಸೆ ಸ್ಯಾನಟೋರಿಯಂ ಚಿಕಿತ್ಸೆಯಷ್ಟೇ ಫಲಕಾರಿ ಎಂದು. ಮದರಾಸು ಈ ಹಳ್ಳಿಗಳಿಂದ ರೈಲಿನಲ್ಲಿ ಒಂದು ರಾತ್ರಿಯ ದಾರಿ. ಆದುದರಿಂದ 62 ಜನರ ಸಾವಿನಲ್ಲಿ ನಿಸರ್ಗದ ಪಾಲು ಎಷ್ಟೋ, ತಲುಪದ ಮಾತ್ರೆಯ ಪಾಲೂ ಅಷ್ಟೇ ಇದೆ. ಆ ಹಳ್ಳಿಗಳಲ್ಲಿ ಸಕ್ರಿಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಇರಲಿಲ್ಲ ಎಂಬುದು ಸರ್ಕಾರದ ಇತಿಹಾಸ, ರೋಗದ ಇತಿಹಾಸವಲ್ಲ.

ಸಂಶೋಧಕರ ಪರವಾಗಿಯೂ ಹೇಳಬೇಕಾದ್ದಿದೆ. ಸಂಶೋಧನೆಯ ನೀತಿಯನ್ನು ಹೇಳುವ ಹೆಲ್ಸಿಂಕಿ ಘೋಷಣೆ ಬಂದದ್ದು 1964ರಲ್ಲಿ, ಸಮೀಕ್ಷೆ ಶುರುವಾಗಿ ಮೂರು ವರ್ಷದ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ನೀತಿ ಹೇಳಿಕೆ 1980ರದು. ರಾಷ್ಟ್ರೀಯ ಕ್ಷಯ ಕಾರ್ಯಕ್ರಮ 1962ರಲ್ಲಿ ರೂಪುಗೊಂಡದ್ದೇ ಈ ಸಂಸ್ಥೆಯ ಕೆಲಸದಿಂದ. ಅದಕ್ಕಿಂತ ದೊಡ್ಡ ಮಾತೆಂದರೆ, ಅದೇ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಪಕ್ಕದ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಪೇಟೆಯವರ ಗಟ್ಟಿ ನಂಬಿಕೆಯಾಗಿತ್ತು. ಇವರು ರೋಗಿಗಳನ್ನೇ ಕೇಳಿದರು. ಹೆಚ್ಚಿನವರಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು, ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ! ಕೆಮ್ಮು ಬಿಡದೆ ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಪರೀಕ್ಷಿಸಬೇಕು ಎಂಬ ಇಂದಿನ ನಿಯಮದ ಬೇರು ಇಲ್ಲಿದೆ. ಎರಡು ಪ್ರಬಂಧಗಳಲ್ಲಿ ಹೆಚ್ಚು ಓದಬೇಕಾದದ್ದು ಇದು ಎಂದು ನನಗನಿಸುತ್ತದೆ.

ಇದು ನಮ್ಮೊಬ್ಬರ ಕಥೆಯಲ್ಲ. ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕೆಂದು ಜಗತ್ತಿಗೆ ಮೊದಲು ತೋರಿಸಿದ್ದು ಪೂರ್ವ ಆಫ್ರಿಕದ ರೋಗಿಗಳು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಅಲ್ಲಿ ನಡೆದ ಪ್ರಯೋಗದ ಮೊದಲ ವರದಿ 1972ರಲ್ಲಿ ಬಂತು. ರಿಫಾಂಪಿಸಿನ್ ಸೇರಿಸಿದವರಲ್ಲಿ ರೋಗ ಮರುಕಳಿಸಿದ್ದು ತೀರಾ ಕಡಿಮೆ. ಆದರೆ ರಿಫಾಂಪಿಸಿನ್ ದುಬಾರಿ. ದೇಹ ಒಡ್ಡಿ ಸತ್ಯವನ್ನು ಸಾಬೀತು ಮಾಡಿದ ದೇಶಗಳ ಸಾಮಾನ್ಯ ರೋಗಿಗಳು ಅದಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಭಾರತದಲ್ಲೂ ಪರಿಷ್ಕೃತ ಕಾರ್ಯಕ್ರಮ 1997ರಿಂದ ವಿಸ್ತರಿಸುತ್ತ ದೇಶವನ್ನೆಲ್ಲ ಮುಟ್ಟಿದ್ದು 2006ರಲ್ಲಿ.

ಈಗ ಸಂಶೋಧನೆ ಬದಲಾಗಿದೆಯೇ? ಹೋಲಿಕೆಗೆ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ‘ರೇಷನ್ಸ್’ ಪ್ರಯೋಗವನ್ನು ನೋಡಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ 2,800 ರೋಗಿಗಳ ಮನೆಯವರ ಮೇಲೆ ಇದನ್ನು ನಡೆಸಿದರು. ಒಂದು ಗುಂಪಿನ ಮನೆಯವರಿಗೆ ತಲೆಗೆ ತಿಂಗಳಿಗೆ 5 ಕಿಲೊ ಅಕ್ಕಿ, ಒಂದೂವರೆ ಕಿಲೊ ಬೇಳೆ, ಜೊತೆಗೆ ಜೀವಸತ್ವದ ಮಾತ್ರೆ. ಇನ್ನೊಂದು ಗುಂಪಿನ ಮನೆಯವರಿಗೆ ಇಲ್ಲ. ಆಹಾರ ಸಿಕ್ಕ ಮನೆಗಳಲ್ಲಿ ಹೊಸ ಕ್ಷಯ ಶೇಕಡಾ 39ರಷ್ಟು ಕಡಿಮೆಯಾಯಿತು. ಗಮನಿಸಬೇಕಾದದ್ದು ಪ್ರಯೋಗದ ಕಟ್ಟಡವನ್ನು: ರೋಗಿಗಳಿಗೆ ಮಾತ್ರ ಎರಡೂ ಗುಂಪಿನಲ್ಲಿ ಔಷಧವೂ ಸಿಕ್ಕಿತು, ಆಹಾರದ ಬುಟ್ಟಿಯೂ ಸಿಕ್ಕಿತು. ಆಹಾರ ಸಿಗದ ಮನೆಯವರ ಬಗ್ಗೆ ನೀವು ಪ್ರಶ್ನೆ ಎತ್ತಬಹುದು, ಎತ್ತಬೇಕು ಕೂಡ. ಆದರೆ ಗುರುತಿಸಿದ ರೋಗಿಯನ್ನು ಎಣಿಸಿ ಬಿಟ್ಟುಬರುವ ವಿನ್ಯಾಸ ಇದಲ್ಲ.

1974ರ ಪ್ರಬಂಧವನ್ನು ಈಗ ತಿದ್ದಲಾಗದು. ಅದನ್ನು ಉದ್ಧರಿಸುವ ಪಠ್ಯಗಳನ್ನು ತಿದ್ದಬಹುದು. ‘ಚಿಕಿತ್ಸೆಯಿಲ್ಲದ ಕ್ಷಯ’ ಎಂಬ ಶೀರ್ಷಿಕೆಯ ಕೆಳಗೆ ಈ ಅಂಕಿಗಳನ್ನು ಅಚ್ಚು ಹಾಕುವವರು ಪಕ್ಕದಲ್ಲಿ ವರ್ಷವನ್ನು ಬರೆಯಲಿ, ಆ ವರ್ಷ ಯಾವ ಮಾತ್ರೆಗಳು ದೊರೆಯುತ್ತಿದ್ದವು ಎಂಬುದನ್ನು ಬರೆಯಲಿ, ಹಳ್ಳಿಗಳು ಬೆಂಗಳೂರು ಜಿಲ್ಲೆಯವು ಎಂದೂ ಬರೆಯಲಿ.