ಇಲ್ಲಿಚ್ ಬಯಸಿದ ಜಾಲ

ತರಗತಿಯ ಗೋಡೆಗೆ ಸ್ಮಾರ್ಟ್ ಬೋರ್ಡ್ ಬಂದೊಡನೆ ಶಿಕ್ಷಣ ಆಧುನಿಕವಾಯಿತೆಂದು ನಂಬುವ ಕಾಲವಿದು. ಇಂತಹ ಕಾಲದಲ್ಲಿ ಅರ್ಧ ಶತಮಾನಕ್ಕೂ ಹಿಂದಿನ ಒಂದು ಪುಸ್ತಕವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಇವಾನ್ ಇಲ್ಲಿಚ್ ಅವರ ‘ಡೀಸ್ಕೂಲಿಂಗ್ ಸೊಸೈಟಿ’ 1971ರಲ್ಲಿ ಪ್ರಕಟವಾಯಿತು. ಸಮಾಜವನ್ನು ಶಾಲೆಯ ಹಿಡಿತದಿಂದ ಬಿಡಿಸುವುದು ಎಂಬುದು ಆ ಹೆಸರಿನ ಸ್ಥೂಲಾರ್ಥ. ಅಂತರ್ಜಾಲವು ಜನಸಾಮಾನ್ಯರ ಕೈಗೆ ಬರುವ ಎರಡು ದಶಕಗಳಿಗೆ ಮೊದಲೇ ಕಲಿಕೆಗಾಗಿ ಗಣಕಯಂತ್ರವನ್ನು ಬಳಸುವ ಜಾಲವೊಂದನ್ನು ಕಲ್ಪಿಸಿದ ಕೃತಿಯೆಂದು ಡಿಜಿಟಲ್ ಶಿಕ್ಷಣದ ಪ್ರತಿಪಾದಕರೂ ಇದನ್ನು ಹೊಗಳುವುದುಂಟು. ಆ ಹೊಗಳಿಕೆಯಲ್ಲಿ ಒಂದು ತಪ್ಪು ಗ್ರಹಿಕೆ ಅಡಗಿದೆ ಎಂಬುದೇ ನನ್ನ ತಕರಾರು.

1926ರಲ್ಲಿ ವಿಯೆನ್ನಾದಲ್ಲಿ ಜನಿಸಿದ ಇಲ್ಲಿಚ್ 1951ರಲ್ಲಿ ಗುರುದೀಕ್ಷೆ ಪಡೆದು, ನ್ಯೂಯಾರ್ಕಿನ ಪೋರ್ಟೊ ರಿಕೊ ವಲಸಿಗರ ನಡುವೆ ಸೇವೆ ಸಲ್ಲಿಸಿದರು. ಮುಂದೆ ಮೆಕ್ಸಿಕೋದ ಕುವೆರ್ನವಾಕಾದಲ್ಲಿ ಅಧ್ಯಯನ ಕೇಂದ್ರವನ್ನು ನಡೆಸಿದರು. ರೋಮಿನೊಡನೆ ಭಿನ್ನಾಭಿಪ್ರಾಯ ಬೆಳೆದು 1969ರಲ್ಲಿ ಗುರುಸೇವೆಯಿಂದ ಹಿಂದೆ ಸರಿದರು. ಆದರೂ ಶಾಲೆಯನ್ನು ಅವರು ಟೀಕಿಸುವ ಭಾಷೆ ದೇವಾಲಯದಲ್ಲಿ ಕಲಿತದ್ದೇ. ಅವರಿಗೆ ಶಾಲೆಯೆಂದರೆ ತನ್ನದೇ ವಿಧಿಗಳನ್ನು ಹೊಂದಿದ, ತನ್ನ ಹೊರಗೆ ಯಾರಿಗೂ ಉದ್ಧಾರವಿಲ್ಲವೆಂದು ಸಾರುವ ಹೊಸ ಧರ್ಮ.

ಗ್ರಂಥದ ಜೀವಾಳವಿರುವುದು ಕಲಿಕೆಯ ಜಾಲಗಳನ್ನು ಕುರಿತ ಆರನೆಯ ಅಧ್ಯಾಯದಲ್ಲಿ. ಒಂದು ಪುಸ್ತಕ, ಲೇಖನ ಅಥವಾ ಚಲನಚಿತ್ರದ ಬಗ್ಗೆ ಚರ್ಚಿಸಬಯಸುವವನು ತನ್ನ ಹೆಸರು, ವಿಳಾಸ ಮತ್ತು ಆಸಕ್ತಿಯನ್ನು ಗಣಕಯಂತ್ರಕ್ಕೆ ಒಪ್ಪಿಸುತ್ತಾನೆ. ಅದೇ ಆಸಕ್ತಿಯುಳ್ಳ ಇತರರ ವಿಳಾಸಗಳನ್ನು ಯಂತ್ರವು ಅವನಿಗೆ ಕಳುಹಿಸುತ್ತದೆ. ಮರು ಅಂಚೆಯಲ್ಲಾದರೂ ಸಾಕು ಎನ್ನುತ್ತಾರೆ ಇಲ್ಲಿಚ್! ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಕಾಫಿ ಅಂಗಡಿಯ ಮೇಜಿನ ಸುತ್ತ, ಮುಖಾಮುಖಿಯಾಗಿ. ಇನ್ನೊಂದೆಡೆ ಅವರು ದೂರದರ್ಶನವನ್ನೂ ಟೇಪ್ ರೆಕಾರ್ಡರನ್ನೂ ಹೋಲಿಸುತ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ದೂರದರ್ಶನಕ್ಕೆ ಸುರಿದ ಹಣದಲ್ಲಿ ಐವರು ವಯಸ್ಕರಲ್ಲಿ ಒಬ್ಬರಿಗೆ ಟೇಪ್ ರೆಕಾರ್ಡರ್ ಕೊಡಬಹುದಿತ್ತು, ಜೊತೆಗೆ ಬೇಕಾದಷ್ಟು ಖಾಲಿ ಟೇಪುಗಳನ್ನೂ ಒದಗಿಸಬಹುದಿತ್ತು ಎಂಬುದು ಅವರ ಲೆಕ್ಕ. ಆ ಖಾಲಿ ಟೇಪುಗಳನ್ನು ಗಮನಿಸಿ. ಹಳ್ಳಿಗನು ಕೇಳಿದರಷ್ಟೇ ಸಾಲದು, ಅವನೂ ಮಾತನಾಡಬೇಕು.

ಇಂದಿನ ಕಲಿಕಾ ಆ್ಯಪ್‌ಗಳನ್ನು ಈ ಅಳತೆಗೋಲಿನಿಂದ ನೋಡೋಣ. ಮಗು ಯಾವ ಲೆಕ್ಕದಲ್ಲಿ ತಡವರಿಸಿತೆಂಬುದು ಆ್ಯಪ್‌ಗೆ ತಿಳಿದಿರುತ್ತದೆ. ಆದರೆ ಅದೇ ಲೆಕ್ಕದಲ್ಲಿ ತಡವರಿಸುತ್ತಿರುವ ಪಕ್ಕದ ಬೀದಿಯ ಇನ್ನೊಂದು ಮಗುವನ್ನು ಅದು ಪರಿಚಯಿಸುವುದಿಲ್ಲ. ಮುಂದಿನ ವಿಡಿಯೋ ತೋರಿಸುತ್ತದೆ. ಕಲಿಕೆಯನ್ನು ಪೊಟ್ಟಣ ಕಟ್ಟಿ ಮಾರುತ್ತಾರೆಂದು ಇಲ್ಲಿಚ್ ಶಾಲೆಯ ಮೇಲೆ ಹೊರಿಸಿದ ಆರೋಪ ಇಲ್ಲಿಗೇ ಹೆಚ್ಚು ಒಪ್ಪುತ್ತದೆ. 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆ ಕಟ್ಟಿಸಿಕೊಂಡ ಬೆಂಗಳೂರಿನ ಬೈಜೂಸ್, 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅಷ್ಟು ದೊಡ್ಡ ಬೆಲೆಯ ಹಿಂದೆ ಇದ್ದದ್ದು ಮಕ್ಕಳ ಕುತೂಹಲಕ್ಕಿಂತ ಹೆಚ್ಚಾಗಿ ತಂದೆತಾಯಿಯರ ಆತಂಕ.

ಹಾಗೆಂದು ಇಲ್ಲಿಚ್ ಹೇಳಿದ್ದೆಲ್ಲವನ್ನೂ ಒಪ್ಪಲಾಗದು. ಅವರ ಜಾಲದಲ್ಲಿ ಸಲೀಸಾಗಿ ಸಂಚರಿಸಬಲ್ಲವನು ಅಕ್ಷರ ಬಲ್ಲ, ಬಿಡುವುಳ್ಳ, ತನಗೇನು ಬೇಕೆಂದು ತಿಳಿದಿರುವ ವಯಸ್ಕ. ಆರು ವರ್ಷದ ಕೂಲಿಕಾರ್ಮಿಕರ ಮಗು ಅಲ್ಲಿ ಎಲ್ಲಿ ನಿಲ್ಲುತ್ತದೆ? 2020ರಲ್ಲಿ ಕೋವಿಡ್ ಕಾರಣ ಶಾಲೆಗಳು ಮುಚ್ಚಿದಾಗ ಶಾಲೆಯಿಲ್ಲದ ಸಮಾಜವನ್ನು ನಾವು ಕಣ್ಣಾರೆ ಕಂಡೆವು. ಪಾಠದೊಂದಿಗೆ ಬಿಸಿಯೂಟವೂ ನಿಂತಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರವು ವಿದ್ಯಾಗಮ ಯೋಜನೆಯನ್ನು ಆರಂಭಿಸಿ ಮಕ್ಕಳನ್ನು ಮೂರು ಗುಂಪು ಮಾಡಿತು: ಇಂಟರ್ನೆಟ್ ಸಹಿತ ಸ್ಮಾರ್ಟ್‌ಫೋನ್ ಇರುವವರು, ಇಂಟರ್ನೆಟ್ ಇಲ್ಲದ ಫೋನ್ ಇರುವವರು, ಯಾವುದೂ ಇಲ್ಲದವರು. ಶಿಕ್ಷಕರು ಊರೂರಿಗೆ ಹೋಗಿ ದೇವಸ್ಥಾನದ ಅಂಗಳದಲ್ಲಿ, ಮರದ ನೆರಳಿನಲ್ಲಿ, ಸಮುದಾಯ ಭವನದಲ್ಲಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ನಿಂತ ಯೋಜನೆ 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಇಲ್ಲಿಚ್ ಬಯಸಿದ ಜಾಲಕ್ಕೆ ಯಾವ ಆ್ಯಪ್‌ಗಿಂತಲೂ ಆ ಮರದ ನೆರಳೇ ಹತ್ತಿರ. ಆದರೆ ಅಲ್ಲಿಗೆ ನಡೆದು ಬಂದವರು ಯಾರು? ಅವರು ಅಳಿಸಿಹಾಕಬಯಸಿದ ಅದೇ ಶಾಲಾ ವ್ಯವಸ್ಥೆಯ, ಸಂಬಳ ಪಡೆಯುವ ಶಿಕ್ಷಕರು. ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ.

ಗ್ರಂಥ ಚಿಕ್ಕದು, ಏಳೇ ಅಧ್ಯಾಯಗಳು. ಐದನೆಯದು ಅಂದಿನ ಶಿಕ್ಷಣ ಸಂಶೋಧಕರೊಡನೆ ನಡೆಸಿದ ವಾಗ್ವಾದವಾದ್ದರಿಂದ ದಾಟಿ ಹೋದರೂ ಹೆಚ್ಚು ನಷ್ಟವಿಲ್ಲ. ಆರನೆಯದನ್ನು ಮಾತ್ರ ನಿಧಾನವಾಗಿ ಓದಿ. ನಮ್ಮ ಧರ್ಮಪ್ರಾಂತ್ಯದ ಶಾಲೆಗಳ ಆಡಳಿತ ಮಂಡಳಿಯವರೂ ಮುಂದಿನ ಸಾಲಿನ ಟ್ಯಾಬ್ ಖರೀದಿಗೆ ದರಪಟ್ಟಿ ತರಿಸುವ ಮುನ್ನ ಅದನ್ನು ಒಮ್ಮೆ ಓದಲಿ.