ಎಣ್ಣೆಗೆ ಗಾಳಿ, ಗಾಳಿಗೆ ದಾರಿ

ಹೊಸೂರಿನ ಟಿವಿಎಸ್ ಮೋಟಾರ್ ಕಂಪನಿಯ ಅಪಾಚೆ ಬೈಕುಗಳಲ್ಲಿ 159.7 ಸಿಸಿಯವೇ ಎರಡು ಇವೆ. ಒಂದು ಆರ್‌ಟಿಆರ್ 160. ಅದರ ಹೆಡ್ಡಿನಲ್ಲಿ ಎರಡು ವಾಲ್ವ್. ಇನ್ನೊಂದು 2018ರ ಮಾರ್ಚ್‌ನಲ್ಲಿ ಬಂದ ಆರ್‌ಟಿಆರ್ 160 4ವಿ, ಅದರಲ್ಲಿ ನಾಲ್ಕು. ಮೊದಲನೆಯದನ್ನು ತಂಪು ಮಾಡುವುದು ಗಾಳಿ ಮಾತ್ರ, ಬೋರಿನ ಸುತ್ತಲ ಫಿನ್‌ಗಳ ಮೂಲಕ. ಎರಡನೆಯದರಲ್ಲಿ ಆ ಕೆಲಸಕ್ಕೆ ಎಣ್ಣೆಯನ್ನೂ ಹಚ್ಚಿದ್ದಾರೆ. ಅಳತೆ ಒಂದೇ, ಮಾಡಿದವರು ಅವರೇ, ಉತ್ತರ ಮಾತ್ರ ಬೇರೆ. ಫ್ಯಾಕ್ಟರಿ ಕೊಡದ ಆಯಿಲ್ ಕೂಲರನ್ನು ಹೊರಗಿನಿಂದ ತಂದು ಇಂಜಿನ್ನಿನ ಮುಂದೆ ಕಟ್ಟಿಸುವ ಅಭ್ಯಾಸವನ್ನು ತೂಗಿ ನೋಡಬೇಕಾದರೆ ನಾನು ಈ ಎರಡು ಇಂಜಿನ್‌ಗಳಿಂದಲೇ ಶುರುಮಾಡುತ್ತೇನೆ.

ಅಭ್ಯಾಸ ಹೊಸದಲ್ಲ. ಫ್ಯಾಕ್ಟರಿಯಿಂದಲೇ ಆಯಿಲ್ ಕೂಲರ್ ಹೊತ್ತು ಬಂದ ಪಲ್ಸರ್ 200 ರಸ್ತೆಗಿಳಿದದ್ದು 2007ರಲ್ಲಿ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು, ಅದೇ ವರ್ಷದ ಜನವರಿಯಲ್ಲಿ ಹೊಸೂರಿನವರ 197.75 ಸಿಸಿಯ ಆರ್‌ಟಿಆರ್ 200 4ವಿ ಬಂತು. ಮುಂಚಕ್ರದ ಹಿಂದೆ ಕಾಣುವ ಆ ಸಣ್ಣ ಜಾಲರಿ ವೇಗದ ಬೈಕಿನ ಗುರುತಾಗಿಬಿಟ್ಟಿತು. ಅದಿಲ್ಲದ ಬೈಕಿನವರಿಗೆ ತಮ್ಮದೂ ಹಾಗಿರಲಿ ಎನಿಸಿತು. ಈಗ ಬುಲೆಟ್ಟಿಗೆ, ಹಳೆಯ ಪಲ್ಸರಿಗೆ, ಎರಡು ವಾಲ್ವಿನ ಅಪಾಚೆಗೆ, ಎಲ್ಲಕ್ಕೂ ಕಿಟ್ ಸಿಗುತ್ತದೆ: ಅಲ್ಯೂಮಿನಿಯಂ ಕೂಲರ್, ಎರಡು ಹೋಸ್, ನಾಲ್ಕು ಬ್ಯಾಂಜೋ ಬೋಲ್ಟ್, ತಾಮ್ರದ ವಾಷರ್‌ಗಳು, ಒಂದು ಕ್ಲ್ಯಾಂಪ್. ಅರ್ಧ ದಿನದ ಕೆಲಸ.

ಹಾಕಿಸಿಕೊಳ್ಳುವವರ ದೂರು ಸುಳ್ಳಲ್ಲ. ಅತ್ತಿಬೆಲೆಯಿಂದ ಹೊಸೂರು ಬಸ್ ಸ್ಟ್ಯಾಂಡಿನವರೆಗೆ ಲಾರಿಗಳ ನಡುವೆ ಒಂದನೇ ಗೇರು, ಎರಡನೇ ಗೇರಿನಲ್ಲಿ ತೆವಳಿ ಬಂದವರಿಗೆ ಅದು ಗೊತ್ತು. ನ್ಯೂಟ್ರಲ್ ಬೀಳುವುದಿಲ್ಲ, ಕ್ಲಚ್ ಎಳೆದರೂ ಗಾಡಿ ಮುಂದಕ್ಕೆ ಜಗ್ಗುತ್ತದೆ, ಟ್ಯಾಂಕಿನ ಕೆಳಗಿನಿಂದ ತೊಡೆಗೆ ಬಿಸಿ ಹೊಡೆಯುತ್ತದೆ, ಇಂಜಿನ್ನಿನ ಸದ್ದೇ ಒರಟಾಗುತ್ತದೆ. ಹೊಸೂರಿನ ಒಂದು ಗ್ಯಾರೇಜಿನಲ್ಲಿ ಕೇಳಿದ ಮಾತುಕತೆ ಇದು.

“ಅಣ್ಣಾ, ಗಾಡಿ ಕಾದುಬಿಟ್ರೆ ನ್ಯೂಟ್ರಲ್ಲೇ ಬೀಳಲ್ಲ. ಕೂಲರ್ ಹಾಕ್ಬಿಡೋಣ್ವಾ?”

“ಆಯಿಲ್ ಯಾವಾಗ ಚೇಂಜ್ ಮಾಡ್ಸಿದ್ದೆ, ಅದನ್ನ ಮೊದ್ಲು ಹೇಳಪ್ಪ.”

ಆ ಮೆಕ್ಯಾನಿಕ್ ಕೇಳಿದ್ದೇ ಸರಿಯಾದ ಪ್ರಶ್ನೆ. ನ್ಯೂಟ್ರಲ್ ಸಿಗದಿರುವುದಕ್ಕೆ ಸೋತ ಎಣ್ಣೆ, ಸಡಿಲ ಬಿಟ್ಟ ಕ್ಲಚ್ ಕೇಬಲ್, ಸವೆದ ಪ್ಲೇಟು, ಮೂರೂ ಕಾರಣವಾಗಬಹುದು. ಎಣ್ಣೆಯ ದಪ್ಪಕ್ಕೂ ಲೆಕ್ಕ ಉಂಟು: 30ರ ದರ್ಜೆಯ ಎಣ್ಣೆಗೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ಸ್ ಸ್ನಿಗ್ಧತೆ ಇರಬೇಕು, 40ರ ದರ್ಜೆಗೆ 12.5ರಿಂದ 16.3. ದರ್ಜೆ ತಪ್ಪಿ ತೆಳುವಾದದ್ದನ್ನು ಹಾಕಿದ್ದರೆ, ಅಥವಾ ಹಾಕಿದ್ದು ಓಡಿ ಓಡಿ ತೆಳುವಾಗಿದ್ದರೆ, ಮುಂದೆ ಎಷ್ಟು ದೊಡ್ಡ ಕೂಲರ್ ಕಟ್ಟಿದರೂ ಅದು ಮತ್ತೆ ದಪ್ಪವಾಗುವುದಿಲ್ಲ. ಡಿಪ್‌ಸ್ಟಿಕ್ ತೆಗೆದು ನೋಡದೆ ಕೂಲರ್ ಮಾರುವುದನ್ನು ನಾನು ಕೆಲಸ ಎಂದು ಒಪ್ಪುವುದಿಲ್ಲ.

ಹೊಸೂರಿನ ಆ ಎರಡು ಹೆಡ್ಡುಗಳಿಗೆ ಮರಳೋಣ. ನಾಲ್ಕು ವಾಲ್ವ್ ಇಟ್ಟಾಗ ಹೆಡ್ಡಿನಲ್ಲಿ ಜಾಗ ಇಕ್ಕಟ್ಟು. ಎರಡು ಎಕ್ಸಾಸ್ಟ್ ವಾಲ್ವ್‌ಗಳ ನಡುವಣ ಲೋಹದ ಪಟ್ಟಿ ಕಿರಿದಾಗುತ್ತದೆ, ಇಂಜಿನ್ನಿನಲ್ಲೇ ಅತಿ ಹೆಚ್ಚು ಕಾಯುವ ಕಡೆಗಳಲ್ಲಿ ಅದೂ ಒಂದು, ಅಲ್ಲಿಗೆ ಹೊರಗಿನ ಗಾಳಿ ತಲುಪುವುದಿಲ್ಲ. ಆದ್ದರಿಂದ ಎಣ್ಣೆಯನ್ನೇ ಅತ್ತ ಕಳಿಸಿದ್ದಾರೆ. ಕಂಪನಿ ಈ ಇಂಜಿನ್ನನ್ನು ‘ಎಣ್ಣೆಯಿಂದ ತಂಪಾಗುವ ದಹನಕೋಣೆ’ ಎಂದು ಕರೆಯುತ್ತದೆ. ಅಂದರೆ ಹೆಡ್ಡಿನೊಳಗೆ ದಹನಕೋಣೆಯ ಆಸುಪಾಸಿನಲ್ಲಿ ಎಣ್ಣೆ ಹರಿಯಲೆಂದೇ ದಾರಿ ಮಾಡಿದ್ದಾರೆ. ಎಣ್ಣೆ ಅಲ್ಲಿ ಬಿಸಿ ಹೀರಿಕೊಂಡು ಬರುತ್ತದೆ, ಕೂಲರಿನಲ್ಲಿ ಆ ಬಿಸಿಯನ್ನು ಗಾಳಿಗೆ ಕೊಡುತ್ತದೆ. ಈ ವ್ಯವಸ್ಥೆಯಲ್ಲಿ ಕೂಲರ್ ಕೊನೆಯ ಭಾಗ. ಅಸಲಿ ಕೆಲಸ ನಡೆದಿರುವುದು ಹೆಡ್ಡಿನ ಅಚ್ಚಿನಲ್ಲಿ.

ಹೊರಗಿನ ಕಿಟ್ ಈ ಕೊನೆಯ ಭಾಗವನ್ನಷ್ಟೇ ಮಾರುತ್ತದೆ. ಎರಡು ವಾಲ್ವಿನ ಸಾದಾ ಇಂಜಿನ್ನಿನಲ್ಲಿ ಹೆಡ್ಡಿಗೆ ಹೋಗುವ ಎಣ್ಣೆ ಕ್ಯಾಮ್ ಮತ್ತು ರಾಕರ್‌ಗಳನ್ನು ನೆನೆಸುವಷ್ಟು ಮಾತ್ರ. ಕೂಲರ್ ಕಟ್ಟಿದರೆ ಕೆಳಗೆ ಕ್ರ್ಯಾಂಕ್‌ಕೇಸಿನಲ್ಲಿರುವ ಎಣ್ಣೆ ಕೆಲವು ಡಿಗ್ರಿ ತಣ್ಣಗಾಗುತ್ತದೆ, ನಿಜ. ಕ್ಲಚ್ಚಿಗೂ ಗೇರಿಗೂ ಅದರಿಂದ ಸ್ವಲ್ಪ ಉಪಕಾರವೂ ಇದೆ, ನಮ್ಮ ಬೈಕುಗಳಲ್ಲಿ ಇಂಜಿನ್, ಕ್ಲಚ್, ಗೇರು ಮೂರಕ್ಕೂ ಅದೇ ಎಣ್ಣೆ ತಾನೆ. ಆದರೆ ಸ್ಪಾರ್ಕ್ ಪ್ಲಗ್ಗಿನ ಬುಡ, ಎಕ್ಸಾಸ್ಟ್ ವಾಲ್ವಿನ ಸೀಟು, ಅಲ್ಲಿನ ಬಿಸಿ ಬಹುಮಟ್ಟಿಗೆ ಇದ್ದ ಹಾಗೇ ಇರುತ್ತದೆ. ‘ಇಂಜಿನ್ ಕೂಲ್ ಆಯ್ತು’ ಎಂದು ಹೇಳಿ ಬಿಲ್ ಮಾಡುವುದು ಇಲ್ಲಿ ಸತ್ಯಕ್ಕೆ ದೂರ. ಕೂಲರನ್ನು ಫ್ರೇಮಿನ ಮುಂದಿನ ಪೈಪಿಗೆ ಅಡ್ಡಲಾಗಿ ಕಟ್ಟಿದರೆ ಇನ್ನೂ ಕೆಟ್ಟದ್ದು. ಬೋರಿನ ಫಿನ್‌ಗಳಿಗೆ ಸಿಗಬೇಕಿದ್ದ ಗಾಳಿ ಮೊದಲು ಕೂಲರಿನಲ್ಲಿ ಬಿಸಿಯಾಗಿ, ವೇಗ ಕಳೆದುಕೊಂಡು ಆಮೇಲೆ ಫಿನ್‌ಗಳಿಗೆ ತಲುಪುತ್ತದೆ. ಗಾಳಿಯನ್ನೇ ನಂಬಿದ ಇಂಜಿನ್ನಿನ ಗಾಳಿಗೆ ಅಡ್ಡ ನಿಂತ ಹಾಗಾಯಿತು.

ಊರಿನ ಹವೆಯನ್ನೂ ನೋಡಬೇಕು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ ಸುಮಾರು 500 ಮೀಟರ್‌ನಲ್ಲಿ. ನಡುವೆ ಸುಮಾರು ಐವತ್ತು ಕಿಲೋಮೀಟರ್ ಹೆದ್ದಾರಿ, ಆದರೆ ಶೂಳಗಿರಿ ದಾಟಿ ಇಳಿಯುತ್ತಿದ್ದಂತೆ ಮುಖಕ್ಕೆ ಹೊಡೆಯುವ ಗಾಳಿಯೇ ಬದಲಾಗುತ್ತದೆ. ಕೂಲರ್ ಎಷ್ಟು ಬಿಸಿ ಹೊರಹಾಕುತ್ತದೆ ಎಂಬುದು ಎಣ್ಣೆಗೂ ಗಾಳಿಗೂ ಇರುವ ತಾಪದ ಅಂತರಕ್ಕೆ ತಕ್ಕಂತೆ ಏರಿಳಿಯುತ್ತದೆ. ಎಣ್ಣೆ 110 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಹೊಸೂರಿನಲ್ಲಿ ಗಾಳಿ 25 ಡಿಗ್ರಿ ಇದ್ದರೆ ಅಂತರ 85. ಬೇಸಿಗೆಯ ಮಧ್ಯಾಹ್ನ ಕೃಷ್ಣಗಿರಿಯಲ್ಲಿ 38 ಡಿಗ್ರಿ ಇದ್ದರೆ ಅಂತರ 72. ಬೇರೆಲ್ಲ ಅಷ್ಟೇ ಇದ್ದರೂ ಅದೇ ಕೂಲರ್ ಶೇ. 15ರಷ್ಟು ಕಡಿಮೆ ಕೆಲಸ ಮಾಡುತ್ತದೆ. ಬೇಕಾದ ಊರಿನಲ್ಲಿ ಕಡಿಮೆ, ಬೇಡದ ಊರಿನಲ್ಲಿ ಹೆಚ್ಚು.

ಗಾಡಿ ನಿಂತಲ್ಲಿ ಇನ್ನೂ ಕಷ್ಟ. ಈ ಕಿಟ್‌ಗಳಿಗೆ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ. ಟೋಲ್ ಕ್ಯೂನಲ್ಲಿ, ಸಿಗ್ನಲ್ಲಿನಲ್ಲಿ, ಬಾಗಲೂರು ರಸ್ತೆಯ ಸಂಜೆಯ ಜಾಮಿನಲ್ಲಿ ಗಾಳಿ ಹಾಯದಿದ್ದರೆ ಆ ಜಾಲರಿ ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹದವಾಗಿ ಓಡುವಾಗ ಗಾಳಿ ಧಾರಾಳ, ಆದರೆ ಅಲ್ಲಿ ಇಂಜಿನ್ನಿಗೆ ಅದರ ನೆರವು ಬೇಕಿರುವುದಿಲ್ಲ. ದೂರು ಹುಟ್ಟುವುದು ಜಾಮಿನಲ್ಲಿ, ಮದ್ದು ಕೆಲಸ ಮಾಡುವುದು ಹೆದ್ದಾರಿಯಲ್ಲಿ. ದುಡ್ಡು ಕೊಟ್ಟವರು ಇಷ್ಟನ್ನು ತಿಳಿದಿರಬೇಕು.

ಎಣ್ಣೆ ಅತಿಯಾಗಿ ತಣ್ಣಗಾಗುವುದೂ ಕೇಡೇ. ಇಂಜಿನ್ ಎಣ್ಣೆಗೆ 90ರಿಂದ 110 ಡಿಗ್ರಿ ಹಿತವಾದ ಶಾಖ. ಅದು ಹೆಚ್ಚು ಹೊತ್ತು ಸುಮಾರು 80ರ ಕೆಳಗೇ ಉಳಿದರೆ ಒಳಗೆ ಸೇರುವ ನೀರಿನ ಹಬೆ, ಸುಡದ ಪೆಟ್ರೋಲ್ ಆವಿಯಾಗಿ ಹೋಗದೆ ಎಣ್ಣೆಯಲ್ಲೇ ಬೆರೆಯುತ್ತವೆ. ಡಿಸೆಂಬರಿನ ಬೆಳಗ್ಗೆ ತಳಿಯಿಂದಲೋ ಡೆಂಕಣಿಕೋಟೆಯಿಂದಲೋ ಹೊಸೂರಿನ ಫ್ಯಾಕ್ಟರಿ ಶಿಫ್ಟಿಗೆ ಬೈಕಿನಲ್ಲಿ ಬರುವವರನ್ನು ನೆನೆಯಿರಿ. ತಂಪು ಗಾಳಿ, ಹಗುರ ಭಾರ, ಮುಂದೊಂದು ಕೂಲರ್: ಎಣ್ಣೆ ಹದಕ್ಕೆ ಬರುವಷ್ಟರಲ್ಲಿ ಕಂಪನಿ ಗೇಟು ಬಂದಿರುತ್ತದೆ. ಎಣ್ಣೆ ತುಂಬುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಪದರ ಕಂಡರೆ ಕಾರಣ ಇದೇ ಇರಬಹುದು. ಇದಕ್ಕೆ ಪರಿಹಾರ ಥರ್ಮೋಸ್ಟಾಟ್. ಎಣ್ಣೆ ನಿಗದಿತ ಶಾಖ ಮುಟ್ಟುವವರೆಗೆ ಕೂಲರಿನ ದಾರಿಯನ್ನು ಮುಚ್ಚಿಡುವ ಸಣ್ಣ ಸಾಧನ. ಅಗ್ಗದ ಕಿಟ್ಟುಗಳಲ್ಲಿ ಬಿಟ್ಟಿರುವುದು ಇದನ್ನೇ.

ಹೋಸಿನ ವಿಷಯದಲ್ಲಿ ನಾನು ಕಟುವಾಗಿಯೇ ಬರೆಯುತ್ತೇನೆ, ಏಕೆಂದರೆ ಇಲ್ಲಿ ನಷ್ಟ ಇಂಜಿನ್ನಿಗಷ್ಟೇ ಅಲ್ಲ. ಪಂಪು ತಳ್ಳುವ ಬಿಸಿ ಎಣ್ಣೆ ಈಗ ಇಂಜಿನ್ನಿನ ಹೊರಗೆ, ಚಕ್ರದ ಹಿಂದೆ ರಬ್ಬರಿನಲ್ಲಿ ಓಡುತ್ತಿದೆ. ಹ್ಯಾಂಡಲ್ ತಿರುಗಿಸಿದಾಗ ಹೋಸ್ ಫ್ರೇಮಿಗೆ ಉಜ್ಜಿದರೆ ಕೆಲವೇ ತಿಂಗಳಲ್ಲಿ ತೂತು. ಒಮ್ಮೆ ಬಿಗಿದ ತಾಮ್ರದ ವಾಷರನ್ನೇ ಮತ್ತೆ ಹಾಕಿದರೆ ಸೋರಿಕೆ. ಸೋರಿದ ಎಣ್ಣೆ ಗಾಳಿಗೆ ಹಿಂದಕ್ಕೆ ಹಾರಿ ಹಿಂದಿನ ಟೈರಿಗೆ ಬೀಳುತ್ತದೆ, ಸವಾರನಿಗೆ ಅದು ತಿಳಿಯುವುದು ತಿರುವಿನಲ್ಲಿ ಗಾಡಿ ಜಾರಿದಾಗ. ಕೂಲರ್ ಮತ್ತು ಹೋಸುಗಳು ತಾವೇ ಒಂದಿಷ್ಟು ಎಣ್ಣೆ ಹಿಡಿದಿಟ್ಟುಕೊಳ್ಳುತ್ತವೆ. ಜೋಡಿಸಿದ ಮೇಲೆ ಇಂಜಿನ್ ಓಡಿಸಿ, ನಿಲ್ಲಿಸಿ, ಮಟ್ಟ ನೋಡಿ ಮೇಲಕ್ಕೆ ಹಾಕದಿದ್ದರೆ ಒಂದು ಲೀಟರಿನ ಆಸುಪಾಸು ಎಣ್ಣೆ ಹಿಡಿಯುವ ಸಣ್ಣ ಇಂಜಿನ್ನಿಗೆ ಅದೇ ದೊಡ್ಡ ಕೊರತೆ. ಇನ್ನು ಹೆಡ್ಡಿಗೆ ಹೋಗುವ ಎಣ್ಣೆಯ ದಾರಿಯನ್ನೇ ಕವಲೊಡೆಸಿ ಕೂಲರಿಗೆ ತಿರುಗಿಸುವುದುಂಟು. ಸಣ್ಣ ಪಂಪು, ಎರಡು ಬಾಯಿ: ಕ್ಯಾಮಿಗೆ ಸಿಗುವ ಪಾಲು ಕಡಿಮೆಯಾಗಿ ತಂಪು ಮಾಡಲು ಹೊರಟವರು ಸವೆತವನ್ನು ಕೊಂಡು ತಂದಿರುತ್ತಾರೆ.

ಕಾರಿನ ಲೋಕದಲ್ಲಿ ಆಯಿಲ್ ಕೂಲರಿಗೆ ಗೌರವದ ಚರಿತ್ರೆಯೇ ಇದೆ. ಪೋರ್ಷೆ 911ರ ಇಂಜಿನ್ ಹಿಂದುಗಡೆ. 1998ರವರೆಗೂ ಅದು ಗಾಳಿಯಿಂದ, ಎಣ್ಣೆಯಿಂದ ತಂಪಾಗುತ್ತಿದ್ದ ಕಾರು. ಶಕ್ತಿ ಏರಿದಂತೆ ಇಂಜಿನ್ನಿನ ಮೇಲಿದ್ದ ಕೂಲರ್ ಸಾಲದಾಯಿತು. 1969ರ 911 ಎಸ್‌ನಲ್ಲಿ ಇನ್ನೊಂದು ಕೂಲರನ್ನು ಮುಂದೆ, ಬಲಗಡೆಯ ಮಡ್‌ಗಾರ್ಡಿನ ಒಳಗೆ ಇಟ್ಟರು. ಎಣ್ಣೆ ಕಾರಿನ ಉದ್ದಕ್ಕೂ ಲೋಹದ ಪೈಪಿನಲ್ಲಿ ಮುಂದಕ್ಕೆ ಹೋಗಿ ಹಿಂದಕ್ಕೆ ಬರಬೇಕು. ಅಷ್ಟು ದೂರದ ದಾರಿಯಾದರೂ ಅಲ್ಲಿ ಥರ್ಮೋಸ್ಟಾಟ್ ಇತ್ತು, ಎಣ್ಣೆಗೆ ಬೇರೆ ಟ್ಯಾಂಕ್ ಇತ್ತು, ಚಾಲಕನ ಕಣ್ಣಮುಂದೆ ಎಣ್ಣೆಯ ತಾಪ ತೋರಿಸುವ ಮುಳ್ಳಿತ್ತು. ಮುಳ್ಳು ಏರಿದ್ದನ್ನು ನೋಡಿ ಕೂಲರ್ ಕೂಡಿಸಿದರು.

ಈಗಿನ ಟರ್ಬೋ ಕಾರುಗಳಿಗೆ ಬೆಂಗಳೂರು, ಹೊಸೂರುಗಳಲ್ಲಿ ಮುಂದಿನ ಬಂಪರಿನೊಳಗೆ ಹೆಚ್ಚುವರಿ ಕೂಲರ್ ಹಾಕಿಸುವವರು ಇದನ್ನು ಗಮನಿಸಬೇಕು. ಹಲವು ಕಾರುಗಳಲ್ಲಿ ಆಯಿಲ್ ಫಿಲ್ಟರಿನ ಬುಡದಲ್ಲೇ ನೀರಿಗೂ ಎಣ್ಣೆಗೂ ಶಾಖ ಹಂಚುವ ಭಾಗ ಇರುತ್ತದೆ. ಬೆಳಗ್ಗೆ ಅದು ಎಣ್ಣೆಯನ್ನು ಬೇಗ ಬಿಸಿ ಮಾಡುತ್ತದೆ, ಆಮೇಲೆ ತಂಪು ಮಾಡುತ್ತದೆ. ಅದನ್ನು ಕಿತ್ತೆಸೆದು ಹೊರಗಿನ ಕೂಲರ್ ಹಾಕುವುದು ಹಿನ್ನಡೆ. ಎಸಿ ಕಂಡೆನ್ಸರ್, ನೀರಿನ ರೇಡಿಯೇಟರ್ ಎರಡರ ಮುಂದೆಯೂ ಕೂಲರನ್ನು ನಿಲ್ಲಿಸಿದರೆ ಎಣ್ಣೆಯ ಬಿಸಿ ನೀರಿಗೆ ವರ್ಗವಾಗುತ್ತದೆ, ಅಷ್ಟೆ. ಗಾಳಿ ಬರುವ ತೂತಿನಷ್ಟೇ ಅದು ಹೊರಹೋಗುವ ದಾರಿಯೂ ಮುಖ್ಯ. ಬಂಪರಿಗೆ ಜಾಲರಿ ಕೊರೆದು ಹಿಂದೆ ಗೋಡೆ ಬಿಟ್ಟರೆ ಗಾಳಿ ಕೂಲರಿನೊಳಗೆ ಹಾಯದೆ ಪಕ್ಕಕ್ಕೆ ಸರಿದುಹೋಗುತ್ತದೆ.

ಹಾಗಾದರೆ ಹೊರಗಿನ ಕೂಲರ್ ಬೇಡವೇ ಬೇಡವೆ? ರೇಸಿಗೆ ಬೇಕು. ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೆಯ ಮದ್ರಾಸ್ ರೇಸ್ ಟ್ರ್ಯಾಕ್ 3.7 ಕಿಲೋಮೀಟರಿನದು. ಚೆನ್ನೈ ಸೀಮೆಯ ಬಿಸಿಲಿನಲ್ಲಿ ಅಲ್ಲಿ ಸುತ್ತು ಸುತ್ತು ಥ್ರಾಟಲ್ ಪೂರ್ತಿ ತಿರುಗಿಸಿ ಓಡಿಸುವಾಗ ಎಣ್ಣೆ ಎಲ್ಲಿಗೆ ಏರುತ್ತದೆ ಎಂಬುದು ಮನೆಯಿಂದ ಆಫೀಸಿಗೆ ಹೋಗುವವರಿಗೆ ತಿಳಿಯುವಂಥದಲ್ಲ. ಅಲ್ಲಿ ಗಾಳಿಯೂ ಉಂಟು, ಅಗತ್ಯವೂ ಉಂಟು, ಸುತ್ತು ಮುಗಿದೊಡನೆ ಹೋಸ್ ಮುಟ್ಟಿ ನೋಡುವ ಮೆಕ್ಯಾನಿಕ್ಕೂ ಇರುತ್ತಾನೆ. ಬೋರ್ ದೊಡ್ಡದು ಮಾಡಿ ಶಕ್ತಿ ಏರಿಸಿದ ಇಂಜಿನ್ನಿಗೂ ಬೇಕಾಗಬಹುದು. ಅದಕ್ಕಿಂತ ಮುಂದಕ್ಕೆ ಹೋದರೆ ಎಣ್ಣೆಯೂ ಸಾಲದು. 2017ರ ಡಿಸೆಂಬರಿನಲ್ಲಿ ಹೊಸೂರಿನಿಂದ ಹೊರಬಂದ 312.2 ಸಿಸಿ, 34 ಪಿಎಸ್ ಶಕ್ತಿಯ ಅಪಾಚೆ ಆರ್‌ಆರ್ 310ಕ್ಕೂ, ಅಲ್ಲಿಯೇ ತಯಾರಾದ ಬಿಎಂಡಬ್ಲ್ಯು ಜಿ 310 ಆರ್‌ಗೂ ನೀರಿನ ರೇಡಿಯೇಟರ್ ಕೊಟ್ಟರು. ಫಿನ್, ಎಣ್ಣೆ, ನೀರು: ಒಂದೇ ಊರಿನ ಕೆಲಸಗಾರರು ಮೂರನ್ನೂ ಅವುಗಳ ಜಾಗದಲ್ಲಿ ಬಳಸಿದ್ದಾರೆ. ಆ ವಿವೇಕಕ್ಕೆ ನನ್ನ ಪೂರ್ಣ ಮೆಚ್ಚುಗೆ. ಫ್ಯಾಕ್ಟರಿಯಿಂದ ಬಂದ ಹಾಗೇ ಇರುವ ಎರಡು ವಾಲ್ವಿನ ಇಂಜಿನ್ನಿಗೆ, ದಿನದ ಓಡಾಟಕ್ಕೆ, ಥರ್ಮೋಸ್ಟಾಟ್ ಇಲ್ಲದ ಕೂಲರ್ ದಂಡ. ಹೋಸ್ ಸರಿಯಿಲ್ಲದಿದ್ದರೆ ಅಪಾಯ. ವಾರಂಟಿ ಇರುವ ಗಾಡಿಗೆ ಅದನ್ನು ಕಳೆದುಕೊಳ್ಳುವ ಭಯ ಬೇರೆ.

ಹೊಸೂರು, ಶೂಳಗಿರಿ, ಕೃಷ್ಣಗಿರಿಯ ಗ್ಯಾರೇಜಿನವರಲ್ಲಿ ನನ್ನದೊಂದು ಕೋರಿಕೆ. ಕೂಲರ್ ಕೇಳಿಕೊಂಡು ಹುಡುಗರು ಬಂದರೆ ಮೊದಲು ಎಣ್ಣೆ ಬದಲಿಸಿ, ಕ್ಲಚ್ ಕೇಬಲ್ ಸರಿಮಾಡಿ, ಫಿನ್‌ಗಳ ನಡುವಿನ ಕೆಸರು ತೊಳೆದು ಕೊಡಿ. ಒಂದು ವಾರ ಓಡಿಸಿ ಬರಲಿ. ಆಗಲೂ ದೂರು ಇದ್ದರೆ ಎಣ್ಣೆಯ ತಾಪ ಅಳೆಯಿರಿ. ಅದು ಮತ್ತೆ ಮತ್ತೆ 120 ಡಿಗ್ರಿ ದಾಟುತ್ತಿದ್ದರೆ ಮಾತ್ರ ಕಿಟ್ ಬಿಚ್ಚಿ, ಥರ್ಮೋಸ್ಟಾಟ್ ಇರುವುದನ್ನೇ ಹಾಕಿ. ಹಾಕಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ ಓಡಿಸಿ ಇನ್ನೊಮ್ಮೆ ಅಳೆಯಿರಿ, ಎರಡೂ ಅಂಕಿಗಳನ್ನು ಬಿಲ್ಲಿನ ಮೇಲೆ ಬರೆದು ಕೊಡಿ.