ದಾದಿಯರ ಕೊರತೆ: ಸಂಖ್ಯೆ ಹೇಳುವುದೇನು, ಹೇಳದಿರುವುದೇನು?

ವಿಶ್ವ ಆರೋಗ್ಯ ಸಂಸ್ಥೆಯು 2025ರ ಮೇ 12ರಂದು, ಅಂತಾರಾಷ್ಟ್ರೀಯ ದಾದಿಯರ ದಿನದಂದು, ಜಗತ್ತಿನ ಶುಶ್ರೂಷಾ ಕ್ಷೇತ್ರದ ಸ್ಥಿತಿಗತಿ ಕುರಿತ ತನ್ನ ಎರಡನೆಯ ವರದಿಯನ್ನು ಹೊರತಂದಿತು. ಮೊದಲನೆಯದು ಬಂದದ್ದು 2020ರಲ್ಲಿ. ಭೌತವಿಜ್ಞಾನದ ಅಧ್ಯಾಪಕನಿಗೆ ಇದರಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಪ್ರಯೋಗಾಲಯದಲ್ಲಿ ನಾವು ವಿದ್ಯಾರ್ಥಿಗೆ ಮೊದಲು ಕೇಳುವ ಪ್ರಶ್ನೆ ಇಲ್ಲಿಯೂ ಸಲ್ಲುತ್ತದೆ: ನೀನು ಅಳೆಯುತ್ತಿರುವುದು ಏನನ್ನು?

ವರದಿಯ ಪ್ರಕಾರ 2018ರಲ್ಲಿ 2.79 ಕೋಟಿ ಇದ್ದ ದಾದಿಯರ ಸಂಖ್ಯೆ 2023ಕ್ಕೆ 2.98 ಕೋಟಿಗೆ ಏರಿದೆ. 2020ರಲ್ಲಿ 62 ಲಕ್ಷವಿದ್ದ ಕೊರತೆ 2023ರಲ್ಲಿ 58 ಲಕ್ಷಕ್ಕೆ ಇಳಿದಿದೆ. 2030ಕ್ಕೆ 41 ಲಕ್ಷವಾಗಬಹುದೆಂದು ಅಂದಾಜು. ಓದಿದವರಿಗೆ ಸಮಾಧಾನವಾಗುವುದು ಸಹಜ. ಆದರೆ ಅದೇ ವರದಿಯ ಇನ್ನೊಂದು ಅಂಶವನ್ನು ಗಮನಿಸಿ. ಶೇಕಡಾ 78ರಷ್ಟು ದಾದಿಯರು ಇರುವುದು ಜಗತ್ತಿನ ಶೇಕಡಾ 49ರಷ್ಟು ಜನರಿರುವ ದೇಶಗಳಲ್ಲಿ. ಅಂದರೆ ಉಳಿದ ಶೇಕಡಾ 51 ಜನರ ಪಾಲಿಗೆ ಶೇಕಡಾ 22 ದಾದಿಯರು. ತಲಾವಾರು ಭಾಗಿಸಿ ನೋಡಿ: ಎರಡು ಗುಂಪುಗಳ ನಡುವಿನ ಅಂತರ ಸುಮಾರು 3.7 ಪಟ್ಟು! ಈ ಅಸಮತೆಯನ್ನು ವರದಿ ಮುಚ್ಚಿಟ್ಟಿಲ್ಲ, ನಿಜ. ಆದರೆ ಪತ್ರಿಕೆಗಳ ತಲೆಬರಹಕ್ಕೂ ಮಂತ್ರಿಗಳ ಭಾಷಣಕ್ಕೂ ಒದಗುವುದು ಇಳಿಯುತ್ತಿರುವ ಆ ಒಂದು ಸಂಖ್ಯೆ ಮಾತ್ರ. ನನ್ನ ಮೊದಲ ಆಕ್ಷೇಪ ಇದು.

ಎರಡನೆಯದು, ಹರಿವನ್ನು ಕುರಿತದ್ದು. ತೊಟ್ಟಿಗೆ ನೀರು ತುಂಬುವ ನಲ್ಲಿಯೊಂದನ್ನೇ ನೋಡಿದರೆ ಸಾಲದು, ಸೋರುವ ತೂತನ್ನೂ ನೋಡಬೇಕು. ಶ್ರೀಮಂತ ದೇಶಗಳ ದಾದಿಯರಲ್ಲಿ ಶೇಕಡಾ 23ರಷ್ಟು ಮಂದಿ ಹೊರದೇಶಗಳಲ್ಲಿ ಹುಟ್ಟಿದವರು ಎಂದು ವರದಿಯೇ ಹೇಳುತ್ತದೆ. ಬಡ ದೇಶ ಖರ್ಚು ಮಾಡಿ ಕಲಿಸಿದ್ದರ ಫಲ ಬೇರೆ ಕಡೆಗೆ ಹೋದರೆ, ಕಾಲೇಜಿನ ಸೀಟು ಹೆಚ್ಚಿಸಿ ಏನು ಪ್ರಯೋಜನ?

ಇನ್ನು ನೋಂದಣಿಯ ವಿಚಾರ. ಹೆಸರು ಸೇರಿಸುವುದಷ್ಟೇ ನೋಂದಣಿಯಲ್ಲ. ನಿವೃತ್ತರು, ವಲಸೆ ಹೋದವರು, ತೀರಿಕೊಂಡವರ ಹೆಸರು ತೆಗೆಯದ ಪಟ್ಟಿ ಏರುತ್ತಲೇ ಹೋಗುತ್ತದೆ. ಭಾರತದ 1947ರ ಶುಶ್ರೂಷಾ ಪರಿಷತ್ತಿನ ಕಾಯಿದೆಯ ಬದಲಿಗೆ ಸಂಸತ್ತು 2023ರಲ್ಲಿ ಹೊಸ ಆಯೋಗದ ಕಾಯಿದೆಯನ್ನು ಅಂಗೀಕರಿಸಿ, ರಾಷ್ಟ್ರೀಯ ನೋಂದಣಿ ಪಟ್ಟಿಗೆ ಅವಕಾಶ ಮಾಡಿತು. ಪಟ್ಟಿ ಕಾಲಕಾಲಕ್ಕೆ ಪರಿಷ್ಕೃತವಾದರೆ ಮಾತ್ರ ಅದು ಅಳತೆಗೋಲಾದೀತು. ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಒಬ್ಬರೇ ದಾದಿಯಾಗಿಯೂ ಪ್ರಸೂತಿ ಸಹಾಯಕಿಯಾಗಿಯೂ ನೋಂದಣಿಯಾಗುತ್ತಾರೆ. ಕಣ್ಣಿನ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವರ ಕೈ ಹೆರಿಗೆಯಲ್ಲಿ ಪಳಗಿರುತ್ತದೆಯೆ? ಈ ಕಾರಣಕ್ಕಾಗಿಯೇ 2018ರ ಕೇಂದ್ರ ಮಾರ್ಗಸೂಚಿ ಪ್ರಸೂತಿ ಸೇವೆಗೆ 18 ತಿಂಗಳ ಪ್ರತ್ಯೇಕ ತರಬೇತಿಯನ್ನು ಸೂಚಿಸಿತು.

ಕೊನೆಯದಾಗಿ, ಪಾಳಿಯ ಲೆಕ್ಕ. 30 ಹಾಸಿಗೆಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬ ದಾದಿ ಸದಾ ಇರಬೇಕೆನ್ನಿ. 6 ಜನ ಸಾಕೆ? ದಿನಕ್ಕೆ ಮೂರು ಪಾಳಿ, ಆದ್ದರಿಂದ 18. ವಾರಕ್ಕೊಂದು ರಜೆ ಎಂದರೆ 21. ಕಾಯಿಲೆ, ಹೆರಿಗೆ ರಜೆ, ತರಬೇತಿ ಸೇರಿಸಿದರೆ ಇನ್ನೂ ಹೆಚ್ಚು. ಈ ಲೆಕ್ಕದಂತೆ ಹುದ್ದೆ ಮಂಜೂರಾಗದಿದ್ದರೆ, ಒಂದು ಕಡೆ ಖಾಲಿ ಪಾಳಿ, ಇನ್ನೊಂದು ಕಡೆ ಕೆಲಸವಿಲ್ಲದ ಪದವೀಧರೆ, ಎರಡನ್ನೂ ಒಟ್ಟಿಗೆ ಕಾಣುತ್ತೇವೆ. ಹುದ್ದೆಗಳನ್ನು ಹೆಚ್ಚಿಸಬೇಕೆಂದು ವರದಿ ಸಲಹೆ ಕೊಡುತ್ತದೆ. ಆದರೆ ಅದರ ಮುಖ್ಯ ಸಂಖ್ಯೆಯಲ್ಲಿ ಈ ವೈರುಧ್ಯ ಕಾಣಿಸುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕದ ಬಡ ದೇಶ ಮಲಾವಿಯ ಉದಾಹರಣೆ ಇದೆ. 2004ರಲ್ಲಿ ಆರಂಭವಾದ ಅಲ್ಲಿನ ತುರ್ತು ಯೋಜನೆ ದಾದಿಯರೂ ಸೇರಿದಂತೆ 11 ವರ್ಗದ ಆರೋಗ್ಯ ಸಿಬ್ಬಂದಿಯ ಸಂಬಳವನ್ನು ಶೇಕಡಾ 52ರಷ್ಟು ಏರಿಸಿತು, ತರಬೇತಿಯನ್ನೂ ವಿಸ್ತರಿಸಿತು. 2009ರ ವೇಳೆಗೆ ಈ ಸಿಬ್ಬಂದಿಯ ಸಂಖ್ಯೆ ಶೇಕಡಾ 53ರಷ್ಟು ಹೆಚ್ಚಿತ್ತು. ಇದಕ್ಕೆ ಬೇಕಾದ ಹಣದ ಬಹುಪಾಲು ಬಂದದ್ದು ವಿದೇಶಿ ನೆರವಿನಿಂದ ಎಂಬುದನ್ನೂ ಮರೆಯಬಾರದು.

194 ದೇಶಗಳ ಮಾಹಿತಿಯನ್ನು ಒಂದೆಡೆ ತಂದ ಈ ವರದಿಯನ್ನು ತರಗತಿಯಲ್ಲಿ ಅಗತ್ಯವಾಗಿ ಬಳಸಿ. ಆದರೆ ಒಂದು ಪ್ರಶ್ನೆಯನ್ನು ಜೊತೆಗೇ ಕೊಡಿ: ರಾತ್ರಿ ಎರಡು ಗಂಟೆಗೆ ಹೆರಿಗೆ ನೋವಿನಿಂದ ಬಂದ ತಾಯಿಯ ಬಳಿ, ಕಲಿತವರೊಬ್ಬರು ಇರುವರೆ? ಮುಂದಿನ ವರದಿ ಅಳೆಯಬೇಕಾದದ್ದು ಅದನ್ನು.